ಕರನಿರ್ಣಯವೂ ಧರ್ಮಾಸನವೂ: ಒಂದು ವಿಮರ್ಶೆ

ಕರದ ವಿಷಯದಲ್ಲಿ ನ್ಯಾಯಸ್ಥಾನಗಳ ಅಧಿಕಾರಕ್ಕೆ ಎಲ್ಲೆ ಕಟ್ಟುವದು ಯುಕ್ತವೋ ಅಯುಕ್ತವೋ ಎಂಬ ಪ್ರಶ್ನೆಯನ್ನು ವಕೀಲರ ಪಾಲಿಗೆ ಬಿಟ್ಟು ಪಂಡಿತರು ಸುಮ್ಮನಿರುವದು ವಾಡಿಕೆಯಾಗಿದೆ. ಆದರೆ ಈ ಎಲ್ಲೆಯನ್ನು ಸಮರ್ಥಿಸುವವರು ಕೇವಲ ಕಾಯದೆಯ ಕಲಮುಗಳನ್ನು ತೋರಿಸಿ ತೃಪ್ತರಾಗುವದಿಲ್ಲ. ಕರವು ರಾಜನ ಸ್ವಂತ ಕಾರ್ಯವೆಂದೂ, ಅದನ್ನು ಸಭೆಯ ಮುಂದೆ ತರುವ ಪದ್ಧತಿಯು ಈ ದೇಶದ ಧರ್ಮಶಾಸ್ತ್ರಕ್ಕೆ ಗೊತ್ತಿರಲಿಲ್ಲವೆಂದೂ ಅವರು ಹೇಳುತ್ತಾರೆ. ಶಾಸ್ತ್ರವನ್ನೇ ಸಾಕ್ಷಿಗೆ ಕರೆದ ಮೇಲೆ ಆ ಸಾಕ್ಷ್ಯವನ್ನು ಪರೀಕ್ಷಿಸುವದು ಶಾಸ್ತ್ರಾಭ್ಯಾಸಿಗಳ ಹೊಣೆಯಾಗುತ್ತದೆ. ಸಂಪಗಾಂವ ಪ್ರಾಂತದ, ಎಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗಳ ಇತಿಹಾಸವು ಈ ಪರೀಕ್ಷೆಗೆ ಒಳ್ಳೆಯ ಒರೆಗಲ್ಲಾಗಿದೆ. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂಬ ಅಧಿಕರಣಕ್ರಮವನ್ನೇ ಇಲ್ಲಿ ಅನುಸರಿಸಲಾಗಿದೆ.

೧. ವಿಷಯ

ಕ್ರಿ. ಶ. ೧೮೭೬ರಲ್ಲಿ ಮುಂಬಯಿ ಇಲಾಖೆಗೆಂದು ಹುಟ್ಟಿದ ೧೦ನೆಯ ಕಾಯದೆಯೇ ಇಲ್ಲಿಯ ಮುಖ್ಯ ವಿಷಯವಾಕ್ಯವು. ಮುಲ್ಕಿ ಬಾಬುಗಳಲ್ಲಿ ದಿವಾಣಿ ಕೋರ್ಟುಗಳ ಅಧಿಕಾರವನ್ನು ಗೊತ್ತುಪಡಿಸುವದೇ ಅದರ ಉದ್ದೇಶ. ಬೆಳಗಾವಿ ಜಿಲ್ಲೆಯು ಮುಂಬಯಿ ಇಲಾಖೆಯೊಳಗೆ ಇದ್ದುದರಿಂದ ಸಂಪಗಾಂವ ಹಾಗೂ ಪರಸಗಡ, ಅಂದರೆ ಸವದತ್ತಿ, ತಾಲೂಕುಗಳು ಅದಕ್ಕೆ ಒಳಪಟ್ಟವು. ಅದರ ೪ನೆಯ ಕಲಮು ನಿಷೇಧರೂಪವಾದದ್ದು. ಸರಕಾರವು ಒಪ್ಪಿದ ಕಂದಾಯದ ಮೊತ್ತ, ಅದನ್ನು ಆಕರಿಸಿದ ರೀತಿ, ಆಕಾರಣಿಯ ತತ್ತ್ವ, ವಸೂಲಿಯ ಕ್ರಮ, ಬಾಕಿಗಾಗಿ ನಡೆದ ಹರಾಜಿನ ಲೋಪ, ವತನಗಳ ಹಕ್ಕು, ಭೂಮಿಯನ್ನು ಕಂದಾಯವಿಲ್ಲದೆ ಅನುಭವಿಸುವ ಹಕ್ಕು ಇವುಗಳ ಬಗ್ಗೆ ಸರಕಾರದ ಮೇಲೆ ತರುವ ದಾವೆಗಳನ್ನು ಯಾವ ದಿವಾಣಿ ಕೋರ್ಟೂ ವಿಚಾರಿಸಬಾರದು ಎಂಬುದು ಅದರ ಸಾರಾಂಶ. ೫ನೆಯ ಕಲಮು ಇದಕ್ಕೆ ಅಪವಾದವು. ಸರಕಾರವು ಒಪ್ಪಿದುದಕ್ಕಿಂತ ಹೆಚ್ಚು ಹಣವನ್ನು ಕೇಳಲಾಗಿದೆ, ಇಲ್ಲವೆ ಕೇಳುವ ಮೊದಲೇ ಹಣವು ಸಂದಾಯವಾಗಿದೆ, ಇಲ್ಲವೆ ವಾದಿಯು ಅದನ್ನು ಕೊಡಬೇಕಾದವನೇ ಅಲ್ಲ ಎಂಬ ಮೂರು ಕಾರಣಗಳಿಂದ ದಾವೆ ಹೂಡಲು ಅದು ಅವಕಾಶ ಕೊಡುತ್ತದೆ. ಕಾಯದೆಯು ಕೊಟ್ಟ ಅಪೀಲುಗಳನ್ನೆಲ್ಲ ಮೊದಲು ಮುಗಿಸಿರಬೇಕೆಂದು ೧೧ನೆಯ ಕಲಮು ವಿಧಿಸುತ್ತದೆ.

ಒಂದು ಉದಾಹರಣೆಯಿಂದ ಉತ್ಸರ್ಗ-ಅಪವಾದಗಳ ಸ್ವರೂಪವು ಸ್ಪಷ್ಟವಾಗುವದು. ಬೈಲಹೊಂಗಲದ ಎರೆಭೂಮಿಯ ಒಬ್ಬ ಒಕ್ಕಲಿಗನ ಹೊಲಕ್ಕೆ ಸರಕಾರವು ಹತ್ತು ರೂಪಾಯಿ ಆಕಾರ ಗೊತ್ತುಮಾಡಿದೆಯೆಂದು ಭಾವಿಸೋಣ. ಚಾವಡಿಯಲ್ಲಿ ಹನ್ನೆರಡು ರೂಪಾಯಿ ಕೇಳಿದರೆ ಹೆಚ್ಚಿನ ಎರಡು ರೂಪಾಯಿಗಾಗಿ ಅವನು ಕೋರ್ಟಿಗೆ ಹೋಗಬಹುದು. ಆದರೆ ಹತ್ತು ಇರಬೇಕಾದಲ್ಲಿ ಸರಕಾರವೇ ಹನ್ನೆರಡು ಗೊತ್ತುಮಾಡಿದರೆ ಅದೇ ಎರಡು ರೂಪಾಯಿಯ ಅನ್ಯಾಯವನ್ನು ಯಾವ ಕೋರ್ಟೂ ಕೇಳುವಂತಿಲ್ಲ. ಕೈಕೆಳಗಿನವನ ತಪ್ಪಿಗೆ ವಿಚಾರಣೆಯುಂಟು, ಒಡೆಯನ ತಪ್ಪಿಗೆ ಇಲ್ಲ. ಕಾಯದೆಯ ಹೃದಯವೆಲ್ಲ ಈ ಒಂದು ಭೇದದಲ್ಲಿ ಅಡಗಿದೆ.

ಈ ನಿಷೇಧವು ೧೮೭೬ರಲ್ಲಿ ಒಮ್ಮೆಲೇ ಹುಟ್ಟಿದ್ದಲ್ಲ. ೧೭೭೯-೮೦ರಲ್ಲಿ ಕಲಕತ್ತೆಯ ಸುಪ್ರೀಂ ಕೋರ್ಟು ಕಾಸೀಜೋಡಾದ ಜಮೀನ್ದಾರನ ಮೇಲೆ ಹೊರಡಿಸಿದ ಆಜ್ಞೆಯನ್ನು ತಡೆಯಲು ಗವರ್ನರ್ ಜನರಲ್ಲರ ಕೌನ್ಸಿಲು ಸೈನ್ಯವನ್ನೇ ಕಳಿಸಿತು. ಆ ಕಲಹದ ಬಳಿಕ ೧೭೮೧ರಲ್ಲಿ ಬ್ರಿಟಿಶ್ ಪಾರ್ಲಿಮೆಂಟು ಕಂದಾಯದ ವಿಷಯವನ್ನು ಆ ಕೋರ್ಟಿನ ಅಧಿಕಾರದಿಂದ ಹೊರಗಿಟ್ಟಿತು. ಆ ನಿರ್ಬಂಧದ ಎಳೆಯು ೧೯೩೫ರ ಹಿಂದುಸ್ತಾನ ಸರಕಾರದ ಕಾಯದೆಯ ೨೨೬ನೆಯ ಕಲಮಿನ ವರೆಗೆ ಹರಿದುಬಂದಿತು. ದಕ್ಷಿಣ ಮರಾಠಾ ಸೀಮೆಯಲ್ಲಿ ೧೮೫೨ರ ೧೧ನೆಯ ಕಾಯದೆಯು ಇನಾಮುಗಳ ನಿಜತ್ವವನ್ನು ನಿರ್ಣಯಿಸುವ ಕೆಲಸವನ್ನು ಸಾಮಾನ್ಯ ಕೋರ್ಟುಗಳಿಗೆ ಕೊಡದೆ ಇನಾಮು ಕಮಿಶನ್ನಿಗೆ ಒಪ್ಪಿಸಿತು. ೧೮೭೧ರ ಪಿಂಚಣಿಯ ಕಾಯದೆಯು ಹಣದ ಮತ್ತು ಕಂದಾಯದ ದತ್ತಿಗಳ ದಾವೆಗಳಿಗೂ ಬಾಗಿಲು ಹಾಕಿತು. ಉತ್ತರ ಕನ್ನಡದ ಭೂಮಿಯ ಆಕಾರಣಿಯನ್ನು ಕುರಿತು ವ್ಯಾಕುಂಠ ಬಾಪೂಜಿ ಎಂಬವರ ಮೊಕದ್ದಮೆಯಲ್ಲಿ ಮುಂಬಯಿಯ ಹೈಕೋರ್ಟು ೧೮೭೫ರಲ್ಲಿ ಸುದೀರ್ಘವಾದ ತೀರ್ಪು ಕೊಟ್ಟಿತು. ಅದರ ಮರುವರ್ಷವೇ ೧೦ನೆಯ ಕಾಯದೆಯು ಬಂದಿತು. ಅಂದರೆ, ಕಂದಾಯದ ಮೂಲಹಕ್ಕನ್ನೇ ಕೋರ್ಟಿನಲ್ಲಿ ಚರ್ಚಿಸಬಹುದೆಂದು ಕನ್ನಡನಾಡಿನ ಒಬ್ಬ ಭೂಮಾಲಿಕನು ತೋರಿಸಿಕೊಟ್ಟ ಬೆನ್ನಿಗೇ ಆ ಚರ್ಚೆಯ ಸ್ಥಳವು ಮುಚ್ಚಿತು.

೨. ಸಂಶಯ ಮತ್ತು ಪೂರ್ವಪಕ್ಷ

ಈ ನಿಷೇಧವು ಧರ್ಮಶಾಸ್ತ್ರದ ಅನುವಾದವೋ, ಅಥವಾ ಅದಕ್ಕೆ ವಿರುದ್ಧವಾದ ಅಪೂರ್ವವಿಧಿಯೋ ಎಂಬುದು ಸಂಶಯ.

ಪೂರ್ವಪಕ್ಷವು ಹೀಗಿದೆ. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನವುಂಟು, ನಿಕ್ಷೇಪವುಂಟು, ಸೀಮಾವಿವಾದವುಂಟು, ಕರವಿವಾದವಿಲ್ಲ. ಯಾಜ್ಞವಲ್ಕ್ಯನ ಮತದಂತೆ ವ್ಯವಹಾರವೆಂದರೆ ಪರರಿಂದ ಪೀಡಿತನಾದವನು ರಾಜನಿಗೆ ಅರಿಕೆ ಮಾಡಿಕೊಳ್ಳುವದು. ರಾಜನೇ ಪರನಾದರೆ ಅರಿಕೆ ಯಾರಿಗೆ? ರಾಜಾಶ್ರಿತವಾದ ವಿಷಯಗಳನ್ನೆಲ್ಲ ನಾರದನು ಪ್ರಕೀರ್ಣಕವೆಂಬ ಕಡೆಯ ಪದದಲ್ಲಿ ಸೇರಿಸಿದ್ದಾನೆ, ಮತ್ತು ಅವುಗಳನ್ನು ರಾಜನೇ ಎತ್ತಿಕೊಂಡು ವಿಚಾರಿಸತಕ್ಕದ್ದು. ಕೌಟಿಲ್ಯನು ಕರದ ಲೆಕ್ಕವನ್ನು ಸಮಾಹರ್ತೃವಿಗೂ ಅಧ್ಯಕ್ಷರಿಗೂ ಒಪ್ಪಿಸಿದನೇ ಹೊರತು ಧರ್ಮಸ್ಥರಿಗೆ ಒಪ್ಪಿಸಲಿಲ್ಲ. ಇದಲ್ಲದೆ ಕೋಶವು ಸಪ್ತಾಂಗಗಳಲ್ಲಿ ಒಂದು. ಪ್ರತಿಯೊಬ್ಬ ಒಕ್ಕಲಿಗನೂ ದಾವೆ ಮುಗಿಯುವ ವರೆಗೆ ಕಂದಾಯವನ್ನು ತಡೆಹಿಡಿದರೆ ಕೋಶವು ಬರಿದಾಗಿ ರಕ್ಷಣೆಯೇ ಕೆಡುವದು. ಆದಕಾರಣ ೧೮೭೬ರ ಕಾಯದೆಯು ಹಳೆಯ ಮರ್ಯಾದೆಯನ್ನೇ ಹೊಸ ಭಾಷೆಯಲ್ಲಿ ಹೇಳಿತು ಎಂದು.

ಈ ಪಕ್ಷದಲ್ಲಿ ಬಲವಿಲ್ಲವೆಂದು ಹೇಳಲಾಗದು. ಕೋಶದ ವಿಳಂಬದ ಮಾತು ಸತ್ಯವಾದದ್ದು, ಸಿದ್ಧಾಂತಿಯೂ ಅದಕ್ಕೆ ಉತ್ತರ ಕೊಡಲೇಬೇಕು. ಆದರೆ ಶಾಸ್ತ್ರದ ಸಾಕ್ಷ್ಯವೆಂದು ಹೇಳಿದ ಭಾಗವು ಅಪೂರ್ಣವಾದದ್ದು.

೩. ಸಿದ್ಧಾಂತ

ಮೊದಲು ರಾಜನ ಸ್ವಾಮ್ಯದ ಮಾತು. ಕರವು ಭೂಮಿಯ ಒಡೆಯನು ತನ್ನ ವಸ್ತುವಿಗೆ ಪಡೆಯುವ ಬಾಡಿಗೆಯಾದರೆ ಅದರ ಮೊತ್ತವು ಒಡೆಯನ ಇಚ್ಛೆಗೆ ಸೇರಿದ್ದು ಎನ್ನಬಹುದಾಗಿತ್ತು. ಆದರೆ ಜೈಮಿನಿಯ ಆರನೆಯ ಅಧ್ಯಾಯದಲ್ಲಿ ವಿಶ್ವಜಿದ್ಯಾಗದ ಪ್ರಸಂಗವು ಇದನ್ನು ಒಪ್ಪುವದಿಲ್ಲ. ಸರ್ವಸ್ವವನ್ನು ದಾನ ಮಾಡುವ ಯಜಮಾನನು ರಾಜನಾಗಿದ್ದರೂ ಭೂಮಂಡಲವನ್ನು ಕೊಡಲಾರನು, ಯಾಕಂದರೆ ಅದು ಅವನೊಬ್ಬನ ಸ್ವತ್ತಲ್ಲ ಎಂಬುದು ಅಲ್ಲಿಯ ನಿರ್ಣಯ. ಪ್ರಜೆಗಳನ್ನು ಕಾಪಾಡುವದಕ್ಕಾಗಿ ಆರರಲ್ಲೊಂದು ಪಾಲು ರಾಜನಿಗೆ ಸಲ್ಲುವ ಭೃತಿಯೆಂದು ಬೌಧಾಯನನ ಮತ. ಭೃತಿಯಾದ ಮೇಲೆ ಅದಕ್ಕೆ ಅಳತೆಯುಂಟು, ಮತ್ತು ಅಳತೆ ಮೀರಿದುದು ಭೃತಿಯಾಗಿ ಉಳಿಯುವದಿಲ್ಲ. ಆಯವನ್ನು ಇಮ್ಮಡಿ ಮಾಡಿ ತೋರಿಸುವ ಅಧಿಕಾರಿಯು ಜನಪದವನ್ನೇ ತಿನ್ನುತ್ತಾನೆಂದು ಕೌಟಿಲ್ಯನೂ ಎಚ್ಚರಿಸಿದ್ದಾನೆ. ಕನ್ನಡ ಭಾಷೆಯೂ ಇದಕ್ಕೆ ಅನುಕೂಲವಾಗಿದೆ. 'ತೆರು' ಎಂಬ ಧಾತುವಿನಿಂದ ಬಂದ ತೆರೆ, ತೆರಿಗೆ ಎಂಬ ಶಬ್ದಗಳು ಸಲ್ಲಬೇಕಾದುದನ್ನು ಸಲ್ಲಿಸುವ ಅರ್ಥದವು. ಶಾಸನಗಳ 'ಸಿದ್ಧಾಯ'ವೆಂಬ ಶಬ್ದವು ನಿಶ್ಚಿತವಾದ ಆಯವನ್ನು ಹೇಳುತ್ತದೆ.

ಎರಡನೆಯದಾಗಿ, ವ್ಯವಹಾರಪದಗಳ ಎಣಿಕೆಯ ಮಾತು. ಪ್ರಕೀರ್ಣಕವು ಹಿಂದಿನ ಪದಗಳಲ್ಲಿ ಹೇಳದೆ ಉಳಿದುದನ್ನೆಲ್ಲ ಒಳಗೊಳ್ಳುವದೆಂದು ನಾರದನೇ ಹೇಳಿದ ಮೇಲೆ, ಹೆಸರು ಹೇಳಲಿಲ್ಲವಾದ್ದರಿಂದ ನಿಷಿದ್ಧವೆಂದು ಕಲ್ಪಿಸುವದು ಸಲ್ಲದು. ಅನುಕ್ತಿಯು ನಿಷೇಧವಲ್ಲ.

ಮೂರನೆಯದೂ ಮುಖ್ಯವೂ ಆದದ್ದು ಮಿತಾಕ್ಷರೆಯ ಸಾಕ್ಷ್ಯ. ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಕಾಲದಲ್ಲಿ ಆ ವ್ಯಾಖ್ಯಾನವನ್ನು ಬರೆದನು. ಸವದತ್ತಿಯ, ಎಂದರೆ ಸುಗಂಧವರ್ತಿಯ, ರಟ್ಟರು ಆ ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದರು. ಆದುದರಿಂದ ಮಿತಾಕ್ಷರೆಯು ಈ ಪ್ರಾಂತಕ್ಕೆ ಪರಕೀಯ ಗ್ರಂಥವಲ್ಲ. ಗ್ರಂಥತಾತ್ಪರ್ಯವನ್ನು ನಿರ್ಣಯಿಸುವಾಗ ಮೊದಲು ನೋಡಬೇಕಾದವು ಉಪಕ್ರಮ ಮತ್ತು ಉಪಸಂಹಾರಗಳು. ಯಾಜ್ಞವಲ್ಕ್ಯನ ವ್ಯವಹಾರಾಧ್ಯಾಯದ ಉಪಕ್ರಮವು, ರಾಜನು ಕ್ರೋಧವನ್ನೂ ಲೋಭವನ್ನೂ ಬಿಟ್ಟು ವಿದ್ವಾಂಸರೊಡನೆ ವ್ಯವಹಾರಗಳನ್ನು ನೋಡತಕ್ಕದ್ದು ಎಂದಾಗಿದೆ. ಅದೇ ಅಧ್ಯಾಯದ ಉಪಸಂಹಾರವು, ರಾಜನು ಅನ್ಯಾಯದಿಂದ ದಂಡವನ್ನು ತೆಗೆದುಕೊಂಡರೆ ಅದರ ಮೂವತ್ತರಷ್ಟನ್ನು ವರುಣನಿಗೆ ನಿವೇದಿಸಿ ಬ್ರಾಹ್ಮಣರಿಗೆ ಕೊಡತಕ್ಕದ್ದು ಎಂದಾಗಿದೆ. ಲೋಭವನ್ನು ಬಿಡಬೇಕೆಂದು ಆರಂಭಿಸಿದ ಅಧ್ಯಾಯವು ಲೋಭದಿಂದ ತಪ್ಪಿದ ರಾಜನ ಹೊಣೆಯಲ್ಲಿ ಮುಗಿಯುತ್ತದೆ. ಮೇಲಾಗಿ ಈ ಉಪಸಂಹಾರವು ಪ್ರಕೀರ್ಣಕದ ಕೊನೆಯಲ್ಲಿಯೇ ಇದೆ. ಪೂರ್ವಪಕ್ಷಿಯು ರಾಜನ ಸ್ವಚ್ಛಂದಕ್ಕೆ ಆಧಾರವೆಂದು ತಿಳಿದ ಪ್ರಕರಣವೇ ರಾಜನನ್ನು ಕಟ್ಟುವ ಪ್ರಕರಣವಾಗಿದೆ.

ಇಲ್ಲಿ ವಿಜ್ಞಾನೇಶ್ವರನು ಮೂಲದಲ್ಲಿ ಇಲ್ಲದ ಒಂದು ಮಾತನ್ನು ಸೇರಿಸುತ್ತಾನೆ. ಅನ್ಯಾಯವಾಗಿ ಎಷ್ಟನ್ನು ತೆಗೆದುಕೊಂಡಿದೆಯೋ ಅಷ್ಟನ್ನು ಕೊಟ್ಟವನಿಗೇ ತಿರುಗಿ ಕೊಡಬೇಕು, ಇಲ್ಲವಾದರೆ ಅಪಹಾರದೋಷವು ತಟ್ಟುವದು ಎಂದು. ಮೂವತ್ತರಷ್ಟರ ದಾನವು ಪ್ರಾಯಶ್ಚಿತ್ತವು, ಅದರಿಂದ ರಾಜನ ಪಾಪ ಕಳೆಯಬಹುದು, ಆದರೆ ಹಣ ಕಳೆದುಕೊಂಡವನ ನಷ್ಟ ತುಂಬುವದಿಲ್ಲ. ಈ ಎರಡನ್ನೂ ಬೇರ್ಪಡಿಸಿ, ಪ್ರತ್ಯರ್ಪಣವನ್ನು ಸ್ವತಂತ್ರವಾದ ಕರ್ತವ್ಯವೆಂದು ತೋರಿಸಿದ್ದು ವ್ಯಾಖ್ಯಾನಕಾರನ ದೊಡ್ಡಸ್ತಿಕೆ.

ದಂಡವು ಬೇರೆ, ಕರವು ಬೇರೆ, ದಂಡದ ವಚನವನ್ನು ಕರಕ್ಕೆ ಎಳೆಯುವದು ಹೇಗೆ ಎಂದು ಆಕ್ಷೇಪ ಬರಬಹುದು. ವಚನದ ಬಲದಿಂದ ಅದು ಸಾಧ್ಯವಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ವಿಜ್ಞಾನೇಶ್ವರನು ಹೇಳಿದ್ದು ಕೇವಲ ವಿಧಿಯನ್ನಲ್ಲ, ಹೇತುವನ್ನೂ ಹೇಳಿದ್ದಾನೆ. ತಿರುಗಿ ಕೊಡದಿದ್ದರೆ ಅಪಹಾರವಾಗುವದು ಎಂಬ ಹೇತುವು ದಂಡಕ್ಕೆ ಮಾತ್ರ ಸೇರಿದ್ದಲ್ಲ. ಎಲ್ಲಿ ಹೇತುವು ಸಮಾನವೋ ಅಲ್ಲಿ ಫಲವೂ ಸಮಾನ. ನ್ಯಾಯವಿಲ್ಲದೆ ಕರವೆಂಬ ಹೆಸರಿನಿಂದ ತೆಗೆದುಕೊಂಡ ಹಣಕ್ಕೂ ಆ ಹೇತುವು ಅನ್ವಯಿಸುತ್ತದೆ.

ಆದರೆ ಪ್ರಾಚೀನರನ್ನು ಹೊಗಳುವ ಭರದಲ್ಲಿ ಅವರ ಕೊರತೆಯನ್ನು ಮುಚ್ಚಬಾರದು. ತಿರುಗಿ ಕೊಡತಕ್ಕದ್ದು ಎಂದು ಶಾಸ್ತ್ರ ಹೇಳಿತು, ಕೊಡದ ರಾಜನಿಂದ ಕೊಡಿಸುವವರು ಯಾರೆಂದು ಹೇಳಲಿಲ್ಲ. ವರುಣನು ದಂಡಧರರಿಗೂ ದಂಡಧರನೆಂಬ ಭಾವನೆಯಲ್ಲಿಯೇ ಅದು ನಿಂತಿತು. ಈ ನಾಡಿನ ದಾನಶಾಸನಗಳಲ್ಲಿಯೂ ಇದೇ ಸ್ಥಿತಿ ಕಾಣುತ್ತದೆ. ರಟ್ಟರ ಸವದತ್ತಿಯಲ್ಲಾಗಲಿ, ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯು ಕಿತ್ತೂರಿನ ಹತ್ತಿರದ ದೇಗಾಂವೆಯಲ್ಲಿ ಕಟ್ಟಿಸಿದ ಗುಡಿಯಲ್ಲಾಗಲಿ ದತ್ತಿಗಳು ಕಲ್ಲಿನ ಮೇಲೆ ಬರೆಯಲ್ಪಟ್ಟವು. ಸರ್ವನಮಸ್ಯ, ಸರ್ವಬಾಧಾಪರಿಹಾರ ಎಂಬ ಮಾತುಗಳು ಕನ್ನಡ ದಾನಶಾಸನಗಳಿಗೆ ಸಾಮಾನ್ಯವಾದವು. ಮುಂದಿನ ಅರಸರಿಗೆ ಅವು ಹಾಕಿದ ಕಟ್ಟು ಯಾವುದು? ಶಾಪವೊಂದೇ. ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಕ್ರಿಮಿಯಾಗುವನೆಂಬ ಮಾತಿಗೆ ಹೆದರುವ ಅರಸನಿರುವ ವರೆಗೆ ಅದು ನಡೆಯಿತು.

ಹಾಗಾದರೆ ಸಿದ್ಧಾಂತವೇನು? ಇಲ್ಲಿ ನಿಯಮ, ಅಧಿಕರಣ, ಪ್ರತ್ಯರ್ಪಣ ಎಂಬ ಮೂರು ಅಂಗಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಧರ್ಮಶಾಸ್ತ್ರದಲ್ಲಿ ನಿಯಮವಿತ್ತು, ಪ್ರತ್ಯರ್ಪಣವಿತ್ತು, ರಾಜನಿಂದ ಸ್ವತಂತ್ರವಾದ ಅಧಿಕರಣವಿರಲಿಲ್ಲ. ೧೮೭೬ರಲ್ಲಿ ಅಧಿಕರಣವು ಊರೂರ ಹತ್ತಿರ ಬಂದಿತ್ತು, ಆದರೆ ಮೊತ್ತದ ನಿಯಮವನ್ನು ಸರಕಾರವು ತನ್ನ ಒಪ್ಪಿಗೆಯೊಂದರಲ್ಲಿಯೇ ಇಟ್ಟುಕೊಂಡು ಆ ಅಧಿಕರಣಕ್ಕೆ ಬಾಗಿಲು ಹಾಕಿತು. ಆದುದರಿಂದ ಆ ಕಾಯದೆಯು ಶಾಸ್ತ್ರದ ಅನುವಾದವಲ್ಲ. ಶಾಸ್ತ್ರದ ಕೊರತೆಯನ್ನು ಮಾತ್ರ ಎತ್ತಿಕೊಂಡು ಶಾಸ್ತ್ರದ ಹೊಣೆಯನ್ನು ಬಿಟ್ಟ ಅಪೂರ್ವವಿಧಿಯದು.

೪. ಪ್ರಾಂತದ ಇತಿಹಾಸದಿಂದ ಸಿಗುವ ನಿದರ್ಶನ

ಅಧಿಕರಣವಿಲ್ಲದಲ್ಲಿ ವಿವಾದವು ಇಲ್ಲವಾಗುವದಿಲ್ಲ, ಬೇರೆ ಹಾದಿ ಹಿಡಿಯುವದು. ೧೮೨೪ರಲ್ಲಿ ಕಿತ್ತೂರಿನ ದತ್ತಕವನ್ನು ಒಪ್ಪಲು ನಿರಾಕರಿಸಿದವರೂ, ಆ ನಿರಾಕರಣೆಯಿಂದ ಸಂಸ್ಥಾನದ ಆಯವನ್ನು ಪಡೆಯುವವರೂ ಒಬ್ಬರೇ ಆಗಿದ್ದರು. ಚನ್ನಮ್ಮರಾಣಿಯ ಹಕ್ಕನ್ನು ತೂಗಿ ನೋಡುವ ಮೂರನೆಯ ಸ್ಥಾನವೊಂದು ಇರಲಿಲ್ಲ. ಆ ವರ್ಷದ ಅಕ್ಟೋಬರ ೨೩ರಂದು ಕಲೆಕ್ಟರ ಥ್ಯಾಕರೆಯು ಕಿತ್ತೂರಿನಲ್ಲಿ ಹತನಾದನು. ಸಂಗೊಳ್ಳಿಯ ರಾಯಣ್ಣನು ಸೇವೆಗಾಗಿ ಭೂಮಿಯನ್ನು ಪಡೆದ ಶೇತಸನದಿಗಳ ವರ್ಗದವನು. ೧೮೩೦ರಲ್ಲಿ ಅವನ ಜನರು ಬೀಡಿಯ ಕಚೇರಿಗೆ ಬೆಂಕಿಯಿಟ್ಟರು. ೧೮೩೧ರಲ್ಲಿ ನಂದಗಡದಲ್ಲಿ ಅವನಿಗೆ ಗಲ್ಲಾಯಿತು. ಫ್ಲೀಟ ಪಂಡಿತರು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನದೂ ಒಂದು. ಕೋರ್ಟಿನ ದಫ್ತರದಲ್ಲಿ ಸ್ಥಾನ ಸಿಗದ ದೂರು ಲಾವಣಿಯಲ್ಲಿ ಸ್ಥಾನ ಪಡೆಯಿತೆಂಬುದನ್ನು ಸಾಹಿತ್ಯದ ಅಧ್ಯಾಪಕರು ಗಮನಿಸತಕ್ಕದ್ದು.

೧೮೫೮ರ ಮೇ ೨೯ರ ರಾತ್ರಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನ ಜನರು ಪೊಲಿಟಿಕಲ್ ಏಜೆಂಟ ಮ್ಯಾನ್ಸನ್ನನನ್ನು ಕೊಂದರು. ಮ್ಯಾನ್ಸನ್ನನು ಹಿಂದೆ ಇನಾಮು ಕಮಿಶನ್ನಿನ ಅಧಿಕಾರಿಯಾಗಿದ್ದನು. ನರಗುಂದದ ಬಂಡಿಗೆ ದತ್ತಕದ ನಿರಾಕರಣೆ ಮೊದಲಾದ ಅನೇಕ ಕಾರಣಗಳಿದ್ದವು. ಇನಾಮುಗಳೊಂದೇ ಕಾರಣವೆನ್ನುವದು ಅತಿಶಯೋಕ್ತಿಯಾದೀತು. ಆದರೂ ಐದು ವರ್ಷಗಳ ಬಳಿಕ, ೧೮೬೩ರ ಕಾಯದೆಗಳಿಂದ, ಇನಾಮುದಾರರ ಹಕ್ಕನ್ನು ಕೆದಕದೆ ಅಲ್ಪ ಸಲಾಮಿಯನ್ನು ಪಡೆದು ಇನಾಮುಗಳನ್ನು ಕಾಯಂ ಮಾಡುವ ಸರಾಸರಿ ಇತ್ಯರ್ಥಕ್ಕೆ ಸರಕಾರವೇ ಇಳಿಯಿತು.

ರಾಮದುರ್ಗವು ಸಂಸ್ಥಾನವಾಗಿದ್ದುದರಿಂದ ಅಲ್ಲಿ ಕರವನ್ನು ವಿಧಿಸುವವನೂ ನ್ಯಾಯವನ್ನು ಕೊಡುವವನೂ ಸಂಸ್ಥಾನಿಕನೇ. ೧೯೩೯ರ ಏಪ್ರಿಲ್‌ನಲ್ಲಿ ಅಲ್ಲಿ ರಕ್ತಪಾತದಲ್ಲಿ ಮುಗಿದ ಪ್ರಜಾಕ್ಷೋಭೆಯ ಹಿಂದೆ ಕರಭಾರದ ದೂರೂ ಇತ್ತು. ೧೯೪೮ರಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಈ ಮೂರು ನಿದರ್ಶನಗಳ ಸ್ವರೂಪವು ಭಿನ್ನವಾಗಿದ್ದರೂ ವ್ಯಾಪ್ತಿಯು ಒಂದೇ: ಹಣವನ್ನು ಪಡೆಯುವವನೇ ನಿರ್ಣಾಯಕನಾದಲ್ಲಿ ನಿರ್ಣಯವು ಸರಿಯಾಗಿದ್ದರೂ ಜನರ ನಂಬಿಕೆಗೆ ಪಾತ್ರವಾಗುವದಿಲ್ಲ.

೫. ಪ್ರಯೋಜನ

ಭಾರತದ ಸಂವಿಧಾನವು ೨೬೫ನೆಯ ಅನುಚ್ಛೇದದಲ್ಲಿ ಕಾಯದೆಯ ಆಧಾರವಿಲ್ಲದೆ ಯಾವ ಕರವನ್ನೂ ವಿಧಿಸಕೂಡದು, ವಸೂಲು ಮಾಡಕೂಡದು ಎಂದು ನಿಯಮವನ್ನು ಸ್ಥಾಪಿಸಿತು. ೨೨೬ನೆಯ ಅನುಚ್ಛೇದದಿಂದ ಹೈಕೋರ್ಟುಗಳಿಗೆ ರಿಟ್ಟುಗಳ ಅಧಿಕಾರವನ್ನು ಕೊಟ್ಟಿತು. ೨೨೫ನೆಯ ಅನುಚ್ಛೇದದ ವಿಶೇಷೋಕ್ತಿಯಿಂದ, ಕಂದಾಯದ ಬಗ್ಗೆ ಹೈಕೋರ್ಟುಗಳ ಮೂಲಾಧಿಕಾರಕ್ಕಿದ್ದ, ೧೭೮೧ರಿಂದ ಬಂದ ನಿರ್ಬಂಧವನ್ನು ತೆಗೆದುಹಾಕಿತು. ೧೯೭೬ರ ೪೨ನೆಯ ತಿದ್ದುಪಡಿಯು ಆ ವಿಶೇಷೋಕ್ತಿಯನ್ನು ಅಳಿಸಿತು, ೧೯೭೮ರ ೪೪ನೆಯ ತಿದ್ದುಪಡಿಯು ಅದನ್ನು ಮರಳಿ ಬರೆಯಿತು. ಎರಡು ವರ್ಷಗಳ ಅಂತರದಲ್ಲಿ ಒಂದು ವಾಕ್ಯವು ಹೋಗಿ ಬಂದುದು, ಪೂರ್ವಪಕ್ಷವು ಇನ್ನೂ ನಿದ್ರಿಸಿಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ.

ಕೆಳಗಿನ ಕೋರ್ಟುಗಳ ಮಟ್ಟಿಗೆ ಹಳೆಯ ನಿಷೇಧವು ಪೂರ್ತಿ ಹೋಗಿಲ್ಲ. ೧೯೬೪ರ ಕರ್ನಾಟಕ ಭೂಕಂದಾಯ ಕಾಯದೆಯ ೬೧, ೬೨, ೬೩ನೆಯ ಕಲಮುಗಳನ್ನು ೧೮೭೬ರ ಕಾಯದೆಯೊಡನೆ ಹೋಲಿಸಿ ಓದಿದರೆ ನಿಷೇಧ, ಅಪವಾದ, ಅಪೀಲು ಮುಗಿಸುವ ಕಟ್ಟಳೆ ಎಂಬ ಮೂರೂ ಅದೇ ಕ್ರಮದಲ್ಲಿ ಕಾಣುತ್ತವೆ. ಬೈಲಹೊಂಗಲದ ಒಕ್ಕಲಿಗನು ಮೊದಲು ಮುಲ್ಕಿ ಅಧಿಕಾರಿಗಳ ಮೆಟ್ಟಿಲುಗಳನ್ನು ಹತ್ತಬೇಕು. ಭೇದವಿಷ್ಟೇ: ಕೊನೆಯ ಮೆಟ್ಟಿಲಿನಾಚೆ ಈಗ ಹೈಕೋರ್ಟು ಇದೆ, ಅದರ ಪೀಠವೂ ಧಾರವಾಡಕ್ಕೆ ಬಂದಿದೆ.

ಹೀಗಿರಲು ಎಲ್ಲೆಯನ್ನು ಎಲ್ಲಿ ಹಾಕತಕ್ಕದ್ದು? ಇದಕ್ಕೆ ಮೀಮಾಂಸಕರ ವಿಧಿವಿಭಾಗವು ನೆರವಾಗುತ್ತದೆ. ಕರ್ಮವನ್ನೇ ಹುಟ್ಟಿಸುವದು ಉತ್ಪತ್ತಿವಿಧಿ, ಅಂಗದ ಸಂಬಂಧವನ್ನು ಹೇಳುವದು ವಿನಿಯೋಗವಿಧಿ, ಯಾರಿಗೆ ಸಲ್ಲುವದೆಂದು ಹೇಳುವದು ಅಧಿಕಾರವಿಧಿ, ಹೇಗೆ ನಡೆಸಬೇಕೆಂದು ಹೇಳುವದು ಪ್ರಯೋಗವಿಧಿ. ಕರದಲ್ಲಿಯೂ ಈ ನಾಲ್ಕು ಪ್ರಶ್ನೆಗಳು ಸಾದೃಶ್ಯದಿಂದ ಏಳುತ್ತವೆ: ಈ ಕರವನ್ನು ಹುಟ್ಟಿಸಿದ ಕಾಯದೆಯು ಸಿಂಧುವೇ, ಅದು ಈ ವಸ್ತುವಿಗೆ ತಗಲುವದೇ, ಈ ಮನುಷ್ಯನು ಅದನ್ನು ಕೊಡತಕ್ಕವನೇ, ಎಷ್ಟು ಮತ್ತು ಯಾವ ಕ್ರಮದಿಂದ ಕೊಡತಕ್ಕದ್ದು? ಇವುಗಳಲ್ಲಿ ಕೊನೆಯದು ಹೊಲವನ್ನೂ ಲೆಕ್ಕವನ್ನೂ ಬಲ್ಲವರ ಕೆಲಸ. ಅದನ್ನು ಮೊದಲು ಮುಲ್ಕಿ ಅಧಿಕಾರಿಗಳಿಗೆ ಬಿಡುವದು ಯುಕ್ತ. ಮೊದಲನೆಯದನ್ನು ಆ ಕಾಯದೆಯಿಂದಲೇ ಹುಟ್ಟಿದ ಅಧಿಕಾರಿಯು ನಿರ್ಣಯಿಸುವದು ಸಾಧ್ಯವೇ ಇಲ್ಲ, ತನ್ನ ಜನ್ಮವನ್ನು ತಾನೇ ಪ್ರಶ್ನಿಸುವಂತೆ ಅದು ಅಸಂಗತ. ನಡುವಿನ ಎರಡು ಪ್ರಶ್ನೆಗಳಲ್ಲಿ ಮೊದಲ ಮಾತು ಅಧಿಕಾರಿಯದು, ಕಡೆಯ ಮಾತು ಧರ್ಮಾಸನದ್ದು.

ನ್ಯಾಯಾಲಯಗಳ ತೀರ್ಪುಗಳೂ ಬಹುಮಟ್ಟಿಗೆ ಈ ಸ್ಥಾನಕ್ಕೇ ಬಂದು ಸೇರಿವೆ. ಅಡಿಕೆಯ ಮೇಲಿನ ಸುಂಕದ ಸಂಬಂಧವಾದ ಮಾಸ್ಕ್ ಕಂಪನಿಯ ಮೊಕದ್ದಮೆಯಲ್ಲಿ ಪ್ರಿವ್ಹಿ ಕೌನ್ಸಿಲು ೧೯೪೦ರಲ್ಲಿ ದಾವೆಯನ್ನು ನಿಷಿದ್ಧವೆಂದು ಹೇಳಿತಾದರೂ, ಕೋರ್ಟಿನ ಅಧಿಕಾರವು ಹೋಯಿತೆಂದು ಸುಲಭವಾಗಿ ಊಹಿಸಬಾರದು ಎಂದೂ, ನಿಷೇಧವಿದ್ದರೂ ಕಾಯದೆಯ ವಿಧಿಗಳನ್ನು ಪಾಲಿಸದಿದ್ದಾಗ ಕೋರ್ಟು ನೋಡಬಹುದು ಎಂದೂ ಸೂತ್ರ ಹಾಕಿಕೊಟ್ಟಿತು. ೧೯೪೭ರ ರ‍್ಯಾಲೆ ಕಂಪನಿಯ ತೀರ್ಪು ಆದಾಯಕರದಲ್ಲಿ ಇದಕ್ಕಿಂತ ಬಿಗಿಯಾದ ದಾರಿ ಹಿಡಿಯಿತು. ತಂಬಾಕಿನ ಮಾರಾಟಕರದ ಧೂಲಾಭಾಯಿ ಮೊಕದ್ದಮೆಯಲ್ಲಿ ೧೯೬೮ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಏಳು ಸೂತ್ರಗಳನ್ನು ಕ್ರೋಡೀಕರಿಸಿದರು. ಕಾಯದೆಯೇ ತಕ್ಕ ಪರಿಹಾರವನ್ನು ಕ್ಲುಪ್ತಪಡಿಸಿದಲ್ಲಿ ಮೊತ್ತದ ತಪ್ಪಿಗೆ ದಿವಾಣಿ ದಾವೆಯಿಲ್ಲ, ಕಾಯದೆಯ ಸಿಂಧುತ್ವವನ್ನು ಅದರ ಅಧಿಕಾರಿಗಳು ನಿರ್ಣಯಿಸಲಾರರು ಎಂಬುದು ಅವುಗಳ ತಿರುಳು.

ಪ್ರತ್ಯರ್ಪಣದ ವಿಷಯದಲ್ಲಿಯೂ ಹಳೆಯ ಮಾತು ಹೊಸ ರೂಪದಲ್ಲಿ ಬಂದಿದೆ. ೧೯೯೬ರ ಡಿಸೆಂಬರದಲ್ಲಿ ಮಫತಲಾಲ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು, ಕರದ ಭಾರವನ್ನು ಗಿರಾಕಿಗಳ ಮೇಲೆ ಹೊರಿಸಿದ ವರ್ತಕನಿಗೆ ಹಣ ತಿರುಗಿ ಸಿಗದು ಎಂದಿತು. ಕೊಟ್ಟವನಿಗೇ ತಿರುಗಿ ಕೊಡಬೇಕೆಂಬ ವಿಜ್ಞಾನೇಶ್ವರನ ವಾಕ್ಯದಲ್ಲಿ 'ಕೊಟ್ಟವನು' ಯಾರೆಂಬ ಪ್ರಶ್ನೆಯೇ ಇದು. ಆದರೆ ನಿಜವಾಗಿ ಕೊಟ್ಟವನು ಸಿಗಲಿಲ್ಲವೆಂದು ಹಣವು ಸರಕಾರದಲ್ಲಿಯೇ ಉಳಿದರೆ ಅಪಹಾರದೋಷವು ಪರಿಹಾರವಾಯಿತೇ? ವರುಣನಿಗೆ ಕೊಟ್ಟ ಭಾಗವನ್ನು ಶಾಸ್ತ್ರವು ರಾಜನ ಕೋಶದಲ್ಲಿ ಇಡಲಿಲ್ಲವೆಂಬುದು ಇಲ್ಲಿ ವಿಚಾರಾರ್ಹ.

ಕೋಶದ ವಿಳಂಬದ ಆಕ್ಷೇಪಕ್ಕೆ ಉತ್ತರವು ೧೮೭೬ರ ಕಾಯದೆಯಲ್ಲಿಯೇ ಇದೆ. ಆಕ್ಷೇಪಪೂರ್ವಕವಾಗಿ ಹಣ ಕೊಟ್ಟು ಅನಂತರ ದಾವೆ ಹೂಡುವ ದಾರಿಯನ್ನು ಅದರ ೫ನೆಯ ಕಲಮು ತೋರಿಸಿದೆ. ಹಣವು ಕೋಶಕ್ಕೆ ಬರುವದು, ವಿವಾದವು ಸಭೆಗೆ ಹೋಗುವದು. ಅಪವಾದದಲ್ಲಿ ಸಾಧ್ಯವಾದುದನ್ನು ಉತ್ಸರ್ಗದಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ. ಆದುದರಿಂದ ಕರದ ಮೊತ್ತವನ್ನು ಎಣಿಸುವ ಕೆಲಸದಲ್ಲಿ ನ್ಯಾಯಸ್ಥಾನದ ಅಧಿಕಾರವನ್ನು ಸಂಕೋಚಿಸುವದು ಶಾಸ್ತ್ರಕ್ಕೂ ಯುಕ್ತಿಗೂ ವಿರುದ್ಧವಲ್ಲ. ಕರದ ಹಕ್ಕನ್ನೇ ಪರೀಕ್ಷಿಸುವ ಅಧಿಕಾರವನ್ನು ಸಂಕೋಚಿಸುವದು ಎರಡಕ್ಕೂ ವಿರುದ್ಧ. ಅದಕ್ಕೆ ಮಿತಾಕ್ಷರೆಯನ್ನು ಆಧಾರವಾಗಿ ತೋರಿಸುವವರು ವ್ಯವಹಾರಾಧ್ಯಾಯದ ಕೊನೆಯ ಶ್ಲೋಕದ ವ್ಯಾಖ್ಯಾನವನ್ನು ಓದಿದ ಬಳಿಕ ಮಾತಾಡುವದು ಉಚಿತ.